ಮಸೂತಿಯ ಗಾಡಿಯ ಚಪ್ಪರ

ಗಾಡಿ ನನ್ನ ಅಂಗಡಿಗೆ ಬಂದದ್ದು ಸೋಮವಾರ ಬೆಳಿಗ್ಗೆ. ಬಸವನ ಬಾಗೇವಾಡಿಯಲ್ಲಿ ನಾನು ಮಾಡುವುದು ಗಾಡಿಗಳ ವೈರಿಂಗ್ ಕೆಲಸ. ದಿನ ಬೆಳಗಾದರೆ ಟ್ರ್ಯಾಕ್ಟರಿನ ಸೆಲ್ಫು, ಟಂಟಂ ಆಟೋದ ಹೆಡ್‌ಲೈಟು, ಹೆಚ್ಚೆಂದರೆ ಜೀಪಿನ ಡೈನಮೋ. ಅಂಥ ಅಂಗಡಿಯ ಮುಂದೆ ಬಟ್ಟೆಯ ಟಾಪಿನ ಬಿಳಿ ಹೊರದೇಶದ ಕಾರೊಂದು ಬಂದು ನಿಂತಾಗ ಎದುರಿನ ಚಹಾದಂಗಡಿಯಲ್ಲಿದ್ದವರೆಲ್ಲ ಎದ್ದು ಬಂದರು. ನಾನು ಏಳಲಿಲ್ಲ. ಕೈಯಲ್ಲಿದ್ದ ಹಾರ್ನಿನ ಸ್ಕ್ರೂ ಬಿಗಿಯುತ್ತಲೇ ಕೂತೆ. ಜಂಬವೆಂದು ಅವರು ತಿಳಿದಿರಬೇಕು. ನಿಜ ಹೇಳಬೇಕೆಂದರೆ ಎದ್ದು ಹೋಗಿ ಮುಟ್ಟಲು ಧೈರ್ಯವಾಗಲಿಲ್ಲ. ಅಂಥ ಗಾಡಿ ಮುಟ್ಟಿ ಒಂಬತ್ತು ವರ್ಷವಾಗಿತ್ತು.

ಅದಕ್ಕೂ ಮೊದಲು ಹತ್ತು ವರ್ಷ ಗಲ್ಫಿನ ಒಂದು ಗ್ಯಾರೇಜಿನಲ್ಲಿ ಇಂಥ ಟಾಪುಗಳನ್ನೇ ಬಿಚ್ಚಿ ಕಟ್ಟಿದವನು ನಾನು. ಗುಂಡಿ ಒತ್ತಿದರೆ ತಾನೇ ಎದ್ದು, ಮಡಚಿಕೊಂಡು, ಹಿಂದಿನ ಡಿಕ್ಕಿಯೊಳಗೆ ಹೋಗಿ ಮಲಗುವ ಟಾಪು. ಪ್ರತಿ ಶುಕ್ರವಾರ ಊರಿನಿಂದ ಹೆಂಡತಿ ಫೋನಿನಲ್ಲಿ ಕೇಳುತ್ತಿದ್ದಳು, "ಈ ವಾರ ಎಷ್ಟ ಗಾಡಿ ಚಪ್ಪರ ತಗದ್ರಿ?" ಅವಳಿಗೆ ಅದು ಟಾಪಲ್ಲ, ಚಪ್ಪರ. "ಊರಿಗೆ ಬಂದ ಮ್ಯಾಲ ನನ್ನೂ ಒಂದ ಸರ್ತಿ ಚಪ್ಪರಿಲ್ಲದ ಗಾಡ್ಯಾಗ ಕುಂಡ್ರಸ್ರಿ" ಎನ್ನುತ್ತಿದ್ದಳು. ಆಯಿತು ಆಯಿತು ಎನ್ನುತ್ತಿದ್ದೆ. ಅವಳ ಬೇನೆಯ ಸುದ್ದಿ ಬಂದಾಗ ಕೆಲಸ ಬಿಟ್ಟು ಓಡಿ ಬಂದೆ. ಅವಳನ್ನು ನಾನು ಕೂರಿಸಿದ ಗಾಡಿ ಆಂಬುಲೆನ್ಸು. ಅದರ ಚಪ್ಪರ ಭದ್ರವಾಗಿತ್ತು.

ಕಾರಿನಿಂದ ಇಳಿದವರು ಪಕ್ಕದ ಮಸೂತಿ ಎಂಬ ಊರಿನ ಗಂಡ ಹೆಂಡತಿ. ಗಂಡ ಗಾಡಿಯ ಮಾಲೀಕ. ಮದುವೆಗಳಿಗೆ ಅದನ್ನು ಬಾಡಿಗೆಗೆ ಬಿಡುವುದು, ತಾನೇ ಬಿಳಿ ಅಂಗಿ ತೊಟ್ಟು, ತಲೆಗೆ ಪಟಗಾ ಸುತ್ತಿ, ಮದುಮಕ್ಕಳನ್ನು ಹಿಂದೆ ಕೂರಿಸಿಕೊಂಡು ಮೆರವಣಿಗೆಯಲ್ಲಿ ನಡಿಗೆಯ ವೇಗದಲ್ಲಿ ಓಡಿಸುವುದು ಅವರ ಕೆಲಸ.

"ಮಿಸ್ತ್ರಿ, ಹ್ವಾದ ವಾರ ಇಂಡಿ ಕಡೆ ಮದುವಿ ಇತ್ರಿ," ಎಂದರು. "ಮದುಮಗ ಬಾಸಿಂಗ ಕಟ್ಕೊಂಡು ನಿಂತಾನ, ಬಾಜಾದವ್ರು ಊದಾಕತ್ತಾರ. ನಾ ಸ್ವಿಚ್ ಒತ್ತತೇನಿ, ಒತ್ತತೇನಿ, ಗಾಡಿ ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ಕಡೀಕ ಮದುಮಗನ್ನ ಟ್ರ್ಯಾಕ್ಟರಿನ ಟ್ರೇಲಿಯೊಳಗ ನಿಂದ್ರಿಸಿ ಒಯ್ದ್ರು. ಮಂದಿ ನಕ್ಕಿದ್ದು ಇನ್ನೂ ಕಿವ್ಯಾಗ ಐತಿ."

"ಮುಂದಿನ ಮದುವಿ ಯಾವಾಗ ಐತ್ರಿ ಮಾಲಕ್ರ?"

"ಮದುವಿ ಸಾಕಾತ್ರಿ. ಮುದ್ದೇಬಿಹಾಳದ ಪಾರ್ಟಿಗೆ ಗಾಡಿ ಮಾರೂದು ಮಾತಾಗೇತಿ. ಐತವಾರ ಬಂದು ಒಯ್ತಾರ. ಟಾಪ್ ತೆರೀಲಿಲ್ಲಂದ್ರ ಯಾಂವ ತಗೋತಾನ?"

ಅವರು ಬಜಾರಕ್ಕೆ ಹೋದ ಮೇಲೆ ಅವರ ಹೆಂಡತಿ ಕಾರಿನ ಬಾಗಿಲು ತೆಗೆದು ಹಿಂದಿನ ಸೀಟಿನ ಹೊಲಿಗೆಯಲ್ಲಿ ಏನನ್ನೋ ಉಗುರಿನಿಂದ ಕೀಳುತ್ತಿದ್ದರು. ಅರಿಷಿಣ ಹಚ್ಚಿದ ಒಂದು ಅಕ್ಕಿಕಾಳು. ಮೆರವಣಿಗೆಯಲ್ಲಿ ಮಂದಿ ತೆರೆದ ಗಾಡಿಯ ಮೇಲೆ ಅಕ್ಷತೆಯೆಂದು ಒಗೆದದ್ದು ಎಲ್ಲೆಲ್ಲೋ ಸಿಕ್ಕಿಕೊಂಡಿರುತ್ತದೆ. ಕಿತ್ತ ಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮಾತಿಗೆ ಮಾತು ಎಂದು ಕೇಳಿದೆ, "ಈ ಗಾಡ್ಯಾಗ ಭಾಳ ಅಡ್ಡಾಡಿರಬೇಕಲ್ಲ ತಂಗೆವ್ವ?"

"ಪೆಟ್ರೋಲ್ ಹಾಕ್ಸಾಕ ಹೋದಾಗ ಮುಂದ ಕುಂತೇನ್ರಿ. ಚಪ್ಪರ ತಗದಾಗ ಒಮ್ಮೆನೂ ಕುಂತಿಲ್ಲ."

ಚಪ್ಪರ ಎಂಬ ಮಾತು ಕೇಳಿ ನನ್ನ ಕೈ ನಿಂತಿತು. ಒಂಬತ್ತು ವರ್ಷದಿಂದ ಆ ಮಾತನ್ನು ಆ ಅರ್ಥದಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ.

"ಹಿಂದಿನ ಸೀಟ್ ಮದುಮಕ್ಕಳದು ಅಂತಾರ್ರಿ ಇವ್ರು. ಕಂಡ ಕಂಡವ್ರು ಕುಂತ್ರ ಅದಕ ಬೆಲಿ ಉಳಿಯೂದಿಲ್ಲಂತ," ಎಂದರು. ಆಮೇಲೆ ಬಜಾರದ ಕಡೆ ಒಮ್ಮೆ ನೋಡಿ, "ಐತವಾರ ಗಾಡೀನ ಹೊಂಟೈತಿ. ಅದಕ್ಕೂ ಮೊದ್ಲ ಒಂದ ಸರ್ತಿ ಚಪ್ಪರ ತಗದು ಹಿಂದ ಕುಂಡ್ರಬೇಕಂತ ಆಸೆ ಐತ್ರಿ ಅಣ್ಣಾರ. ಅವ್ರ ಮುಂದ ಹೇಳಬ್ಯಾಡ್ರಿ ಮತ್ತ," ಎಂದರು.

ಹೇಳುವುದಿಲ್ಲ ಎಂದೆ. ಅಂದಿನಿಂದ ಆ ಕೆಲಸ ನನಗೆ ಮುದ್ದೇಬಿಹಾಳದವರ ಸಲುವಾಗಿ ಉಳಿಯಲಿಲ್ಲ.

ಸೋಮವಾರ ಮಧ್ಯಾಹ್ನ ಶುರು ಮಾಡಿದೆ. ಸ್ವಿಚ್ಚು ಒತ್ತಿದರೆ ಕಿಟಕಿಯ ಗಾಜುಗಳು ನಾಲ್ಕು ಬೆರಳು ಕೆಳಗಿಳಿಯುತ್ತಿದ್ದವು. ಆಮೇಲೆ ಮುಂದಿನ ದೀಪ ಮಿಣುಕುತ್ತಿತ್ತು, ಅಷ್ಟೇ. ಮೊದಲ ಅನುಮಾನ ಬ್ಯಾಟರಿಯ ಮೇಲೆ. ಮೆರವಣಿಗೆಯ ಗಾಡಿ, ನಡಿಗೆಯ ವೇಗ, ಮೇಲೆ ಬಣ್ಣದ ದೀಪದ ಸರ. ಬ್ಯಾಟರಿ ಎಲ್ಲಿ ತುಂಬೀತು? ಟ್ರ್ಯಾಕ್ಟರಿನ ಹೊಸ ಬ್ಯಾಟರಿ ತಂದು ಜೋಡಿಸಿದೆ. ಅದೇ ಗಾಜು, ಅದೇ ಮಿಣುಕು. ಫ್ಯೂಜುಗಳನ್ನೆಲ್ಲ ಕಿತ್ತು ನೋಡಿದೆ, ಒಂದೂ ಸುಟ್ಟಿರಲಿಲ್ಲ. ರಿಲೇ ಅದಲು ಬದಲು ಮಾಡಿದೆ. ಉಪಯೋಗವಾಗಲಿಲ್ಲ.

ಡಿಕ್ಕಿಯ ಎಡಗಡೆ, ಬಟ್ಟೆಯ ಹಿಂದೆ ಎಣ್ಣೆಯ ಪಂಪಿದೆ. ಟಾಪನ್ನು ಎತ್ತುವುದು ಆ ಎಣ್ಣೆಯ ಒತ್ತಡವೇ. ಡಿಕ್ಕಿಯ ತುಂಬ ಸಾಮಾನಿತ್ತು: ಛತ್ರಿ, ಪ್ಲಾಸ್ಟಿಕ್ ಹೂವಿನ ಸರ, ಪಟಗಾದ ಪೆಟ್ಟಿಗೆ. ಅವನ್ನು ಅಷ್ಟಷ್ಟು ಬಲಕ್ಕೆ ತಳ್ಳಿ ಪಂಪಿಗೆ ಬ್ಯಾಟರಿಯಿಂದ ನೇರವಾಗಿ ವೈರು ಕೊಟ್ಟೆ. ಗುಂಯ್ ಎಂದಿತು. ಟಾಪಿನ ಹಿಂದಿನ ಅಂಚು ಒಂದು ಗೇಣು ಎದ್ದು ಹಾಗೇ ಸೋತು ಕೂತಿತು. ಎಣ್ಣೆಯ ಡಬ್ಬಿ ನೋಡಿದರೆ ಗೆರೆಗಿಂತ ಕೆಳಗಿತ್ತು. ಸಿಕ್ಕಿತು ಕಳ್ಳ ಎಂದು ಬೀಗಿದೆ. ಚಹಾದಂಗಡಿಯವರ ಮುಂದೆ ನಾಲ್ಕು ಮಾತು ದೊಡ್ಡದಾಗಿಯೂ ಆಡಿದೆ.

ಆ ಎಣ್ಣೆ ನಮ್ಮೂರಲ್ಲಿ ಸಿಗುವುದಲ್ಲ. ಬ್ರೇಕ್ ಎಣ್ಣೆ ಸುರಿದರೆ ಒಳಗಿನ ರಬ್ಬರ್ ಉಬ್ಬಿ ಎಲ್ಲ ಹಾಳಾಗುತ್ತದೆ. ಮಂಗಳವಾರ ಬಸ್ಸು ಹತ್ತಿ ಸಿಂದಗಿಗೆ ಹೋದೆ. ಮಣ್ಣು ತೋಡುವ ಯಂತ್ರಗಳ ಸಾಮಾನು ಮಾರುವವರೊಬ್ಬರು ಅಲ್ಲಿದ್ದಾರೆ. ಅವರ ಹತ್ತಿರವೂ ಗಟ್ಟಿ ಎಣ್ಣೆಯೇ ಇತ್ತು; ತೆಳ್ಳನೆಯದು ಗೋದಾಮಿನಿಂದ ಬರುವವರೆಗೆ ಸಂಜೆಯಾಯಿತು. ಬುಧವಾರ ಬೆಳಿಗ್ಗೆ ಎಣ್ಣೆ ತುಂಬಿ, ಪಂಪನ್ನು ನಿಲ್ಲಿಸುತ್ತ ಓಡಿಸುತ್ತ ಗಾಳಿ ಹೊರಗೆ ಹಾಕಿದೆ. ಈಗ ನೇರ ಕರೆಂಟು ಕೊಟ್ಟರೆ ಟಾಪು ಜೋರಾಗಿ ಏಳುತ್ತಿತ್ತು. ಆದರೆ ಗಾಡಿಯ ಸ್ವಿಚ್ಚು ಒತ್ತಿದರೆ ಮತ್ತೆ ಅದೇ ಗಾಜು, ಅದೇ ಮಿಣುಕು.

ಅಂದರೆ ಪಂಪಿಗೆ ಶಕ್ತಿಯಿದೆ, ಅಪ್ಪಣೆ ಬರುತ್ತಿಲ್ಲ. ಅಪ್ಪಣೆ ಕೊಡುವುದು ಒಂದು ಕಂಟ್ರೋಲ್ ಡಬ್ಬಿ. ಬಾಗಿಲು, ಡಿಕ್ಕಿ, ಕೊಂಡಿ ಎಲ್ಲ ಕಡೆ ಸಣ್ಣ ಸಣ್ಣ ಸ್ವಿಚ್ಚುಗಳಿರುತ್ತವೆ. ಎಲ್ಲವೂ ಸರಿಯಿದೆ ಎಂದು ಹೇಳಿದರೆ ಮಾತ್ರ ಡಬ್ಬಿ ಪಂಪಿಗೆ ಕರೆಂಟು ಬಿಡುತ್ತದೆ. ಒಂದು ಬೇಡ ಎಂದರೂ ಮುಗಿಯಿತು. ಆ ದಿನವೆಲ್ಲ ಟೆಸ್ಟ್ ಲ್ಯಾಂಪು ಹಿಡಿದು ಮೊಣಕಾಲ ಮೇಲೆ ಕೂತೆ. ಬಾಗಿಲ ಸ್ವಿಚ್ಚು ನೋಡಿದೆ, ಮುಂದಿನ ಕೊಂಡಿಯದನ್ನು ನೋಡಿದೆ. ಡಿಕ್ಕಿಯೊಳಗೆ ಒಂದು ಪರದೆ ಇರುತ್ತದೆ. ಅದನ್ನು ಎಳೆದು ಎರಡು ಬದಿಯ ಹುಕ್ಕಿಗೆ ಸಿಕ್ಕಿಸಬೇಕು. ಪರದೆಯ ಕೆಳಗೆ ಸಾಮಾನು, ಮೇಲೆ ಟಾಪು ಮಲಗುವ ಜಾಗ. ಹುಕ್ಕಿನ ಹಿಂದೆಯೂ ಒಂದು ಸ್ವಿಚ್ಚಿದೆ. ಪರದೆ ಹುಕ್ಕಿಗೆ ಸಿಕ್ಕಿಯೇ ಇತ್ತು. ಕಣ್ಣಿನಿಂದಲೇ ನೋಡಿ, ಸರಿಯಿದೆ ಎಂದು ತೀರ್ಪು ಕೊಟ್ಟು ಮುಂದೆ ಹೋದೆ. ಹತ್ತು ವರ್ಷ ಇದೇ ಕೆಲಸ ಮಾಡಿದವನು ಲ್ಯಾಂಪು ಹಚ್ಚಿ ನೋಡಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಗುರುವಾರ ದಂಪತಿ ಮತ್ತೆ ಬಂದರು. ಮಾಲೀಕರ ಮೂಗಿನ ತುದಿಯಲ್ಲಿ ಸಿಟ್ಟಿತ್ತು. "ಏನ್ರಿ ಮಿಸ್ತ್ರಿ, ಗಲ್ಫ್ ಗಲ್ಫ್ ಅಂತೀರಿ, ನಾಕ ದಿನ ಆತು," ಎಂದರು. ನನಗೂ ರೇಗಿತು. "ಅವಸರಿದ್ರ ಮುಂಬೈಗೆ ಒಯ್ರಿ" ಎಂದೆ. ಇಬ್ಬರೂ ಮುಖ ಆಚೆ ಈಚೆ ಮಾಡಿ ನಿಂತೆವು. ಅಷ್ಟರಲ್ಲಿ ಅವರ ಹೆಂಡತಿ ಮೆಲ್ಲಗೆ, "ಡಿಕ್ಕಿ ಖಾಲಿ ಮಾಡಿ ಕೊಡ್ಲೇನ್ರಿ ಅಣ್ಣಾರ? ಒಳಗ ಕೈಯಾಡಸಾಕ ಸಲೀಸ ಆಕ್ಕೈತಿ," ಎಂದರು.

ಅದು ಬೇಕೇ ಆಗಿತ್ತು. ಡಿಕ್ಕಿಯ ಮುಚ್ಚಳದ ಕೀಲಿನಲ್ಲಿ ಹಾದುಹೋಗುವ ವೈರುಗಳು ಮುಚ್ಚಿ ತೆಗೆದು ಒಳಗೇ ಮುರಿಯುವುದುಂಟು. ಅವರು ಒಂದೊಂದೇ ಸಾಮಾನು ಎತ್ತಿ ಬೆಂಚಿನ ಮೇಲಿಟ್ಟರು. ಒಂದು ಹಳದಿ ಬಟ್ಟೆಯ ಗಂಟನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಾನು ಕೀಲಿನ ರಬ್ಬರ್ ಕೊಳವೆ ಸೀಳಿದೆ. ಒಂದು ವೈರಿನ ಸಿಪ್ಪೆ ಬಿರುಕು ಬಿಟ್ಟು ತಾಮ್ರ ಕಾಣುತ್ತಿತ್ತು. ಬೆಸುಗೆ ಹಾಕಿ, ಸುತ್ತಿ, ಪರದೆಯನ್ನು ಹುಕ್ಕಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದೆ.

ಟಾಪು ಎದ್ದಿತು. ಹಿಂದಿನ ಮುಚ್ಚಳ ತೆರೆಯಿತು, ಬಟ್ಟೆ ಮಡಿಕೆ ಮಡಿಕೆಯಾಗಿ ಒಳಗಿಳಿಯಿತು. ಬಾಗೇವಾಡಿಯ ಬಿಸಿಲು ಸೀಟುಗಳ ಮೇಲೆ ಬಿತ್ತು. ನನ್ನ ಕಣ್ಣು ತುಂಬಿತ್ತು. ಬೆಸುಗೆಯ ಹೊಗೆ ಎಂದು ಒರೆಸಿಕೊಂಡೆ. ಅವರ ಹೆಂಡತಿ ಎದ್ದು ಬಂದು ಹಿಂದಿನ ಸೀಟಿನ ಅಂಚಿನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲೀಕರು ಸ್ವಿಚ್ಚು ಒತ್ತಿ ಟಾಪು ಮುಚ್ಚಿಬಿಟ್ಟರು. "ಸಾಕ ಬಿಡ್ರಿ, ಸುಮ್ಕ ತಗದು ಹಾಕಿದ್ರ ಸವೀತೈತಿ. ನಡಿ ನಡಿ, ಹೊತ್ತಾತು."

ಆಕೆ ಸಾಮಾನುಗಳನ್ನು ಡಿಕ್ಕಿಗೆ ತುಂಬಿ, ಮುಂದಿನ ಸೀಟಿನಲ್ಲಿ ಕೂತರು. ಗಾಡಿ ಹೋಯಿತು. ಒಂದು ಮಾತು ಆಡಿದ್ದರೆ ಏನು ಹೋಗುತ್ತಿತ್ತು ನನ್ನದು? ರಾತ್ರಿ ಊಟ ಸೇರಲಿಲ್ಲ. ನನ್ನ ಹೆಂಡತಿಯೂ ಒಂದು ಸಲವೂ ಜುಲುಮೆ ಮಾಡಿ ಕೇಳಿದವಳಲ್ಲ. ಕೇಳಿದ್ದರೆ ನಾನು ಎರಡು ವರ್ಷ ಮೊದಲೇ ಬರುತ್ತಿದ್ದೆನೇನೋ. ಮೆಲ್ಲಗೆ ಕೇಳುವವರ ಮಾತನ್ನೇ ನಾವು ಮುಂದೂಡುತ್ತೇವೆ.

ಶುಕ್ರವಾರ ಬೆಳಿಗ್ಗೆ ಫೋನು ಬಂತು. "ಮಿಸ್ತ್ರಿ, ಟಾಪ್ ಹೊಳ್ಳಿ ಬಂದ್ ಆಗೇತಿ." ಮುದ್ದೇಬಿಹಾಳದವರಿಗೆ ತೋರಿಸಲು ಫೋಟೋ ತೆಗೆಯಲೆಂದು ಒತ್ತಿದರಂತೆ, ಗಾಜು ಇಳಿದು ದೀಪ ಮಿಣುಕಿತಂತೆ. ನನ್ನ ಮುಖಕ್ಕೆ ಹೊಡೆದಂತಾಯಿತು. ಆದರೂ, ಸುಳ್ಳೇಕೆ, ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು. ಗಾಡಿ ಆಕೆಗಿನ್ನೊಂದು ಅವಕಾಶ ಕೊಟ್ಟಿತ್ತು, ನನಗೂ.

ಜುಮ್ಮಾ ನಮಾಜು ಮುಗಿಸಿ ಅವರ ಊರು ಮಸೂತಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಲೆಕ್ಕ: ನಿನ್ನೆ ನನ್ನ ಅಂಗಡಿಯಲ್ಲಿ ತೆರೆಯಿತು, ಇಂದು ಅವರ ಮನೆಯಲ್ಲಿ ತೆರೆಯಲಿಲ್ಲ. ನಡುವೆ ಏನು ಬದಲಾಯಿತು? ಬೆಸುಗೆ ಹಾಕಿದ ವೈರು ಸಿಪ್ಪೆ ಬಿಟ್ಟಿತ್ತು, ಮುರಿದಿರಲಿಲ್ಲ. ಅದನ್ನು ಸರಿ ಮಾಡಿದ್ದಕ್ಕೇ ಟಾಪು ತೆರೆಯಿತು ಎಂದು ನಾನೇ ಅಂದುಕೊಂಡದ್ದು. ಗಲ್ಫಿನಲ್ಲಿ ಗಾಡಿಗಳು ತೊಳೆದು, ಡಿಕ್ಕಿ ಖಾಲಿಯಾಗಿ ನಮ್ಮ ಕೈಗೆ ಬರುತ್ತಿದ್ದವು. ನಮ್ಮ ಕಡೆ ಡಿಕ್ಕಿಯೆಂದರೆ ಇನ್ನೊಂದು ಮನೆ. ಊರು ತಲುಪುವ ಮೊದಲೇ ನಿರ್ಧಾರ ಮಾಡಿದೆ: ಇವತ್ತು ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲ. ಗಾಡಿಯ ಬದಲು ಸಾಮಾನು ನೋಡುತ್ತೇನೆ.

ಗಾಡಿ ಅವರ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿತ್ತು. ಪರದೆಯ ಬಲಗಡೆಯ ಹುಕ್ಕಿನ ಸ್ವಿಚ್ಚಿಗೆ ಟೆಸ್ಟ್ ಲ್ಯಾಂಪು ಹಚ್ಚಿದೆ. ಉರಿಯಲಿಲ್ಲ. ಮಾಲೀಕರು ಒಳಗೆ ಮುದ್ದೇಬಿಹಾಳದವರ ಜೊತೆ ಫೋನಿನಲ್ಲಿದ್ದರು. ಅವರ ಹೆಂಡತಿಯಿಂದ ಡಿಕ್ಕಿ ಪೂರ್ತಿ ಖಾಲಿ ಮಾಡಿಸಿದೆ. ಲ್ಯಾಂಪು ಉರಿಯಿತು. ಅಷ್ಟರಲ್ಲಿ ಮಾಲೀಕರು ಬಂದರು.

"ಈಗ ಒಂದೊಂದ ಸಾಮಾನ ಹೊಳ್ಳಿ ಇಡ್ರಿ," ಎಂದೆ.

ಮಾಲೀಕರು ಛತ್ರಿ ಇಟ್ಟರು, ದೀಪ ಉರಿಯುತ್ತಿತ್ತು. ಪಟಗಾದ ಪೆಟ್ಟಿಗೆ ಇಟ್ಟರು, ಉರಿಯುತ್ತಿತ್ತು. ಹೂವಿನ ಸರ ಇಟ್ಟರು, ಆಗಲೂ ಉರಿಯುತ್ತಿತ್ತು.

"ಇನ್ನೇನರ ಐತೇನು?"

"ಏನಿಲ್ರಿ, ಇಷ್ಟ," ಎಂದರು ಮಾಲೀಕರು.

ಅವರ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು. ಸೆರಗಿನ ಕೆಳಗೆ ಆ ಹಳದಿ ಗಂಟಿತ್ತು. ಒಮ್ಮೆ ಗಂಡನನ್ನು ನೋಡಿದರು, ಒಮ್ಮೆ ದೀಪವನ್ನು. ಆಮೇಲೆ ನೆಟ್ಟಗೆ ಬಂದು ಗಂಟನ್ನು ಡಿಕ್ಕಿಯ ಬಲಮೂಲೆಯಲ್ಲಿ, ಹುಕ್ಕಿನ ಕೆಳಗಿನ ಸಂದಿನಲ್ಲಿ ಒತ್ತಿ ಇಟ್ಟರು. ಪರದೆ ಒಂದು ಬೆರಳಿನಷ್ಟು ಮೇಲೆದ್ದಿತು. ಹುಕ್ಕು ಬಿಡಲಿಲ್ಲ, ಆದರೆ ದೀಪ ಆರಿತು.

"ಏನದು?" ಎಂದರು ಮಾಲೀಕರು.

ಬಿಚ್ಚಿದರೆ ಅಕ್ಕಿಕಾಳು. ಎರಡು ಸೇರಿಗೂ ಹೆಚ್ಚಿತ್ತು. ನಡುನಡುವೆ ಅರಿಷಿಣ ಹಚ್ಚಿದ ಜೋಳ. ಕೆಲವು ಊರಲ್ಲಿ ಅಕ್ಕಿಯ ಬದಲು ಅದನ್ನೇ ಒಗೆಯುತ್ತಾರೆ. ಪ್ರತಿ ಮದುವೆಯ ಮರುದಿನ ಗಾಡಿ ತೊಳೆಯುವವರು ಆಕೆಯೇ. ಆರಿಸಿದ್ದನ್ನೆಲ್ಲ ಈ ಗಂಟಿಗೆ ಹಾಕುತ್ತ ಬಂದಿದ್ದರು. ಮದುವೆಗೊಂದು ಹಿಡಿಯಂತೆ ಗಂಟು ಬೆಳೆದು, ಇಂಡಿಯ ಮದುವೆಯ ಹೊತ್ತಿಗೆ ಪರದೆಯನ್ನು ಎತ್ತುವಷ್ಟಾಗಿತ್ತು. ಡಿಕ್ಕಿಯಲ್ಲಿ ಸಾಮಾನು ತುಂಬಿ ಉಕ್ಕಿದೆ, ಟಾಪು ಮಲಗಿದರೆ ಹರಿಯುತ್ತದೆ ಎಂದು ಗಾಡಿ ತಿಳಿದಿತ್ತು. ಅದು ಕೆಟ್ಟಿರಲೇ ಇಲ್ಲ. ತನ್ನ ಕೆಲಸ ತಾನು ಮಾಡುತ್ತಿತ್ತು.

"ಇಂಡ್ಯಾಗ ನನ್ನ ಮಾನ ಹ್ವಾದದ್ದು ಈ ಗಂಟಿಗೇನು?" ಮಾಲೀಕರ ದನಿ ಏರಿತು. "ಮಂದಿ ಮದುವಿ ಕಾಳು ಗಂಟ ಕಟ್ಟಿ ಇಡೂದಂದ್ರ ಏನರ್ಥ? ಕಾಲುವಿಗೆ ಬಿಟ್ರ ಆಗ್ತಿದ್ದಿಲ್ಲೇನು?"

"ಕಾಲಾಗ ಬೀಳಬಾರದಂತ ಆರಿಸಿಟ್ಟೆ. ಕಾಲುವಿಗೆ ಬಿಡಬೇಕಂತನ ಇದ್ದೆ, ಬಿಡಾಕ ಜೀವ ಆಗಲಿಲ್ಲ." ಆಕೆ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು. "ನಮ್ಮ ಮದುವಿ ನೆಪ್ಪೈತೇನು ನಿಮಗ? ಮಠದಾಗ, ಸಾಮೂಹಿಕ. ನಮ್ಮದು ಕಡೀ ಸಾಲು, ಕಂಬದ ಹಿಂದ. ಮಂದಿ ಅಕ್ಕಿಕಾಳೆಲ್ಲಾ ಮುಂದಿನ ಸಾಲಿಗೆ ಒಗದ್ರು. ನನ್ನ ತಲಿ ಮ್ಯಾಲ ಒಂದ ಕಾಳೂ ಬೀಳಲಿಲ್ಲ."

ಮಾಲೀಕರು ತಗಡಿನ ಗೋಡೆಗೆ ಕೈಯೂರಿ ನಿಂತರು. "ನನಗೂ ಬೀಳಲಿಲ್ಲ," ಎಂದರು. "ಬಾಸಿಂಗ ಕಣ್ಣಿಗೆ ಅಡ್ಡ ಇತ್ತು. ನಿನಗರ ಬಿದ್ದಿರಬೇಕಂತ ತಿಳಿದಿದ್ದೆ."

ನಾನು ಲ್ಯಾಂಪಿನ ವೈರು ಸುತ್ತುತ್ತ ತಲೆ ಕೆಳಗೆ ಹಾಕಿದೆ. ಗುರುವಾರ ನುಂಗಿದ ಮಾತು ಈಗಲೂ ನುಂಗಿದರೆ ನನ್ನಂಥ ಹೇಡಿ ಇಲ್ಲ ಅನ್ನಿಸಿತು. "ಮಾಲಕ್ರ, ರೋಡಿನ ಮ್ಯಾಲ ಟೆಸ್ಟ್ ಮಾಡಬೇಕ್ರಿ," ಎಂದೆ. "ಹಿಂದ ಭಾರ ಇರಬೇಕು. ಇಬ್ಬರು ಕುಂತಾಗನ ಟಾಪ್ ಬರೋಬ್ಬರಿ ತೆರೀತೈತೋ ಇಲ್ಲೋ ಗೊತ್ತಾಗೂದು. ನೀವಿಬ್ರೂ ಹಿಂದ ಕುಂಡ್ರಿ, ನಾ ಹೊಡೀತೇನಿ."

ಹಿಂದಿನ ಸೀಟಿನ ಭಾರಕ್ಕೂ ಟಾಪಿಗೂ ಸಂಬಂಧವಿಲ್ಲ. ಇಷ್ಟು ವರ್ಷ ಆ ಗಾಡಿ ಓಡಿಸಿದವರಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ.

"ಅದು ಮದುಮಕ್ಕಳ ಸೀಟ್ರಿ," ಎಂದರು ಅವರು. ಎಂದವರು ಶೆಡ್ಡಿನಿಂದ ಹೊರಗೆ ಹೋಗಿ, ಮುಖ ತೊಳೆದುಕೊಂಡು, ಪಟಗಾ ಸುತ್ತಿಕೊಂಡು ಬಂದರು.

ಮುಳವಾಡದ ಕಡೆ ಕಾಲುವೆಯ ದಂಡೆಗೆ ಗಾಡಿ ಒಯ್ದೆ. ಬಿಸಿಲು ಇಳಿಮುಖವಾಗಿತ್ತು. ಹಳದಿ ಗಂಟು ಈಗ ಆಕೆಯ ತೊಡೆಯ ಮೇಲಿತ್ತು. ಅಲ್ಲಿ ನಿಲ್ಲಿಸಿ ಸ್ವಿಚ್ಚು ಒತ್ತಿದೆ. ಗಾಜು ಇಳಿಯಿತು, ಪಂಪು ಗುಂಯ್ ಎಂದಿತು, ಚಪ್ಪರ ಎದ್ದು ನಮ್ಮ ತಲೆಯ ಮೇಲಿಂದ ಹಿಂದಕ್ಕೆ ಸರಿಯಿತು. ನಡುವೆ ಎಲ್ಲೂ ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಆಕೆ ಸೀಟಿನ ತುದಿಯಲ್ಲಿ ಮುದುಡಿ ಕೂತು, ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಮೇಲೆ ಏನೂ ಇರಲಿಲ್ಲ, ಬರೀ ಆಕಾಶ.

ಆಮೇಲೆ ಮೆರವಣಿಗೆಯ ವೇಗದಲ್ಲಿ ನಡೆಸಿದೆ. ನನ್ನ ಪಕ್ಕದ ಸೀಟಿನ ಮೇಲೆ ರಿಪೇರಿ ಹತ್ಯಾರದ ಪೆಟ್ಟಿಗೆಯಿತ್ತು. ಅದನ್ನು ಎತ್ತಿ ಕೆಳಗಿಟ್ಟೆ. ಯಾಕೆಂದು ಕೇಳಿದರೆ ಹೇಳಲಾರೆ. ಆ ಹೊತ್ತಿಗೆ ನನ್ನವಳು ಅಲ್ಲಿ ಕೂತಿರಬೇಕಿತ್ತು ಎಂದು ಜೀವ ಹಂಬಲಿಸಿತು. ಶುಕ್ರವಾರವಾಗಿತ್ತು. ಈ ವಾರ ಎಷ್ಟು ಎಂದು ಕೇಳಿದ್ದರೆ ಒಂದು ಎಂದು ಹೇಳುತ್ತಿದ್ದೆ.

ಹಿಂದೆ ಗಂಟು ಬಿಚ್ಚುವ ಸಪ್ಪಳವಾಯಿತು. ಕಾಲುವೆಗೆ ಬಿಡುತ್ತಾರೆಂದು ಗಾಡಿ ನಿಲ್ಲಿಸಲು ಹೊರಟೆ. "ನಿಂದರಬ್ಯಾಡ್ರಿ ಮಿಸ್ತ್ರಿ, ಹೊಡೀರಿ," ಎಂದರು ಮಾಲೀಕರು. ಕನ್ನಡಿಯಲ್ಲಿ ಅವರು ಒಂದು ಹಿಡಿ ತುಂಬಿಕೊಂಡು ಹೆಂಡತಿಯ ತಲೆಯ ಮೇಲೆ ಹಾಕಿದ್ದು ಕಂಡಿತು. ಆಕೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಆಕೆಯೂ ಒಂದು ಹಿಡಿ ತೆಗೆದು ಅವರ ಪಟಗಾದ ಮೇಲೆ ಹಾಕಿದರು. ಗಾಳಿ ಎದುರಿನಿಂದಿದ್ದರೂ ಕೆಲವು ಕಾಳು ಮುಂದಕ್ಕೂ ಬಿದ್ದವು.

ಮಸೂತಿಯ ದಾರಿಗೆ ತಿರುಗುವಲ್ಲಿ ಚಪ್ಪರ ಮುಚ್ಚಲೆಂದು ಗಾಡಿ ನಿಲ್ಲಿಸಿದೆ. "ಅಣ್ಣಾರ, ಇನ್ನೊಂದೀಟ ತಡೀರಿ," ಎಂದರು ಆಕೆ.

"ಪಂಪ್ ಕಾದೈತಿ ತಂಗೆವ್ವ. ಇನ್ನ ಅರ್ಧ ತಾಸು ಮುಚ್ಚಾಕ ಬರೂದಿಲ್ಲ," ಎಂದೆ.

ಪಂಪು ತಣ್ಣಗಿತ್ತು. 

ಭಾನುವಾರ ಮುದ್ದೇಬಿಹಾಳದವರು ಬಂದು, ತೆರೆದು ಮುಚ್ಚಿ ನೋಡಿ, ಗಾಡಿ ಒಯ್ದರು. ಒಯ್ಯುವ ಮೊದಲು ಆಕೆ ಕೊನೆಯ ಸಲ ಸೀಟುಗಳನ್ನೆಲ್ಲ ಗುಡಿಸಿ ಕಾಳು ಆರಿಸಿದರೆಂದು ಮಾಲೀಕರು ಫೋನಿನಲ್ಲಿ ಹೇಳಿದರು. ಅಂದು ನನ್ನ ಪಕ್ಕ ಖಾಲಿಯಿದ್ದ ಎಡಸೀಟಿನಲ್ಲಿ ಮಾತ್ರ ಆಕೆಗೆ ಕಾಳು ಸಿಕ್ಕಿರಲಿಕ್ಕಿಲ್ಲ. ಆ ಸೀಟಿನ ಮೇಲೆ ಬಿದ್ದಿದ್ದು ಏಳು ಕಾಳು. ಶುಕ್ರವಾರ ಇಳಿಯುವಾಗ ನಾನು ಅವನ್ನು ಆರಿಸಿಕೊಂಡು ಬಂದಿದ್ದೆ.